ಕಸಿ ಮಾವಿನ ಕಾಂಡಕ್ಕೆ ಏನಾಗಿದೆ? ಔಷಧಿಗೆ ಮುಂಚೆ ಕಸಿಗಂಟು ನೋಡಿ

ಮಾವಿನ ಕಾಂಡದಲ್ಲಿ ಅಂಟು ಸೋರಿದ್ದು ಕಂಡರೆ ಸಾಕು, ನಮ್ಮಲ್ಲಿ ಹೆಚ್ಚಿನವರು ನೇರ ಔಷಧಿ ಅಂಗಡಿಗೆ ಹೋಗುತ್ತಾರೆ. ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಅಂಗಡಿಯವರು ಶಿಲೀಂಧ್ರಕ್ಕೊಂದು, ಹುಳಕ್ಕೊಂದು ಬಾಟಲಿ ಕೊಟ್ಟು ಕಳಿಸುತ್ತಾರೆ, ಎರಡರಲ್ಲಿ ಒಂದಾದರೂ ತಾಗಲಿ ಅಂತ. ಆದರೆ ಅಂಟು ಅನ್ನೋದು ರೋಗದ ಹೆಸರಲ್ಲ. ಎಲ್ಲಿ ಗಾಯವಾದರೂ ಮಾವು ಅಂಟನ್ನೇ ಸುರಿಸುತ್ತದೆ. ಹುಳ ಕೊರೆದರೂ ಅಂಟು, ಶಿಲೀಂಧ್ರ ಹೊಕ್ಕರೂ ಅಂಟು, ಕಳೆ ಕತ್ತರಿಸುವ ಮಷಿನ್ನಿನ ತಂತಿ ಬಡಿದರೂ ಅಂಟು.

ಕಸಿ ಮರದಲ್ಲಿ ಇನ್ನೂ ಒಂದು ತೊಡಕಿದೆ. ಅಲ್ಲಿ ಎರಡು ಗಿಡ ಸೇರಿ ಬದುಕುತ್ತಿವೆ. ಕೆಳಗೆ ನಾಟಿ ವಾಟೆಯಿಂದ ಎದ್ದ ಬೇರುಸಸಿ, ಮೇಲೆ ಬಾದಾಮಿಯೋ, ಮಲ್ಲಿಕಾವೋ, ತೋತಾಪುರಿಯೋ. ಎರಡೂ ಕೂಡಿದ ಜಾಗವೇ ಕಸಿಗಂಟು. ಒಂದಕ್ಕೆ ಬಂದ ಕಾಯಿಲೆ ಇನ್ನೊಂದರ ಮೈಯಲ್ಲಿ ಕಾಣಬಹುದು. ಬುಡ ಕೊಳೆತರೆ ಎಲೆ ಹಳದಿಯಾಗುವುದು ಮೇಲಿನ ಬಾದಾಮಿಯಲ್ಲಿ. ಹಾಗಾಗಿ ತೊಂದರೆ ಕಸಿಗಂಟಿನ ಮೇಲಿದೆಯೋ, ಗಂಟಿನಲ್ಲೇ ಇದೆಯೋ, ಕೆಳಗಿದೆಯೋ ಅನ್ನೋದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಅಷ್ಟಾದರೆ ಅರ್ಧ ಕೆಲಸ ಮುಗಿದಂತೆ.

ಸಾಮಾನು ಜಾಸ್ತಿ ಬೇಡ. ಹರಿತವಾದ ಸಣ್ಣ ಚಾಕು, ಕೈಗರಗಸ, ಕುರ್ಪಿ, ಒಂದು ಸೈಕಲ್ ಕಡ್ಡಿ, ಸ್ವಲ್ಪ ಬಣ್ಣ, ಹಳೇ ಪೇಪರು. ಜೊತೆಗೆ ಸರ್ಜಿಕಲ್ ಸ್ಪಿರಿಟ್ ಮತ್ತು ಹತ್ತಿ. ಸ್ಪಿರಿಟ್ ಮರೀಬೇಡಿ. ಒಂದು ಮರದಿಂದ ಇನ್ನೊಂದು ಮರಕ್ಕೆ ರೋಗ ಹೊತ್ತುಕೊಂಡು ಹೋಗುವುದರಲ್ಲಿ ನಮ್ಮ ಚಾಕು, ಗರಗಸಗಳ ಪಾಲು ದೊಡ್ಡದು.

ಮೊದಲು ದೂರ ನಿಂತು ನೋಡಿ

ಮರದ ಹತ್ತಿರ ಹೋಗುವ ಮುಂಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಒಂದು ಸುತ್ತು ಹಾಕಿ. ಒಂದೇ ಕೊಂಬೆ ಬಾಡಿದೆಯೋ, ಇಡೀ ಮರ ಸೊರಗಿದೆಯೋ? ಒಂದೇ ಕೊಂಬೆ ಆಗಿದ್ದರೆ ತೊಂದರೆ ಬಹುತೇಕ ಆ ಕೊಂಬೆಯಲ್ಲೇ ಅಥವಾ ಅದು ಕಾಂಡಕ್ಕೆ ಕೂಡುವ ಕವಲಲ್ಲಿ ಇರುತ್ತದೆ. ಇಡೀ ಮರ ಒಟ್ಟಿಗೆ ಬಣ್ಣ ಕೆಟ್ಟಿದ್ದರೆ ಬುಡವನ್ನೋ ಬೇರನ್ನೋ ಅನುಮಾನಿಸಿ.

ಆಮೇಲೆ ತೋಟ ನೋಡಿ. ಸೊರಗಿದ ಮರಗಳೆಲ್ಲ ತಗ್ಗಿನಲ್ಲಿ, ನೀರು ನಿಲ್ಲುವ ಕಡೆ ಇವೆಯಾ? ಟ್ರ್ಯಾಕ್ಟರ್ ತಿರುಗಿಸುವ ಸಾಲಿನಲ್ಲಿ ಇವೆಯಾ? ಅಲ್ಲೊಂದು ಇಲ್ಲೊಂದು ಚದುರಿದ್ದರೆ ಕಾಂಡಕೊರಕದ ಅನುಮಾನ ಜಾಸ್ತಿ. ಒಂದೇ ನರ್ಸರಿಯಿಂದ, ಒಂದೇ ಸಲ ತಂದ ಗಿಡಗಳೇ ಸಾಲಾಗಿ ಹೋಗುತ್ತಿದ್ದರೆ ಕಸಿಯಲ್ಲೇ ಏನೋ ಎಡವಟ್ಟಾಗಿರಬಹುದು.

ಕಾಲವೂ ಮುಖ್ಯ. ಟೊಂಗೆ ತುದಿಯಿಂದ ಒಣಗುವ ರೋಗ ವರ್ಷದಲ್ಲಿ ಯಾವಾಗ ಬೇಕಾದರೂ ಇರಬಹುದು. ಆದರೆ ಮಳೆಗಾಲ ಕಳೆದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ಕಸಿಗಂಟು ಎಲ್ಲಿದೆ?

ಈಚಿನ ವರ್ಷಗಳಲ್ಲಿ ನೆಟ್ಟ ಮೃದುಕಾಂಡ ಕಸಿ (ಎಳೆ ಚಿಗುರಿನ ತುದಿ ಕತ್ತರಿಸಿ ಅಲ್ಲಿ ಕಡ್ಡಿ ಕೂರಿಸುವ ಕಸಿ) ಗಿಡಗಳಲ್ಲಿ ಇದು ಸುಲಭ. ನೆಲದಿಂದ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಮೇಲೆ ಸಣ್ಣ ಉಬ್ಬು ಅಥವಾ ಓರೆಯಾದ ಗೆರೆ ಇರುತ್ತದೆ. ಶ್ರೀನಿವಾಸಪುರ, ರಾಮನಗರ, ಧಾರವಾಡದ ಕಡೆಯ ಮೂವತ್ತು ನಲವತ್ತು ವರ್ಷದ ಮರಗಳಲ್ಲಿ ಹುಡುಕುವುದು ಕಷ್ಟ. ಅವುಗಳಲ್ಲಿ ಬಹಳಷ್ಟು ಹಳೇ ಕಾಲದ ಸಾಮೀಪ್ಯ ಕಸಿಯವು (ಎರಡು ಗಿಡಗಳನ್ನು ಅಕ್ಕಪಕ್ಕ ತಂದು ಬೆಸೆದವು), ಗಂಟು ಇನ್ನೂ ಮೇಲಿರಬಹುದು, ಕಾಂಡ ಅಲ್ಲಿ ಸ್ವಲ್ಪ ಸೊಟ್ಟಗಿರುತ್ತದೆ. ತೊಗಟೆಯ ಬಿರುಕುಗಳನ್ನು ಕೆಳಗಿನಿಂದ ಮೇಲಕ್ಕೆ ಗಮನಿಸುತ್ತಾ ಹೋಗಿ. ಒಂದು ಮಟ್ಟದಲ್ಲಿ ಬಿರುಕಿನ ನಮೂನೆ ಬದಲಾಗುತ್ತದೆ. ಕೆಳಗೆ ಒರಟು, ಮೇಲೆ ನಯ. ಅಥವಾ ಅದರ ಉಲ್ಟಾ. ಅದೇ ಗಂಟು.

ಎಷ್ಟು ಹುಡುಕಿದರೂ ಸಿಗಲಿಲ್ಲ ಅಂದರೆ ಕುರ್ಪಿ ತಗೊಂಡು ಬುಡದ ಮಣ್ಣು ಕೆದಕಿ. ಪಾತಿ ಮಾಡುವಾಗ, ಗೊಬ್ಬರ ಹಾಕುವಾಗ ವರ್ಷ ವರ್ಷ ಮಣ್ಣು ಏರಿಸಿ ಗಂಟನ್ನೇ ಹೂತು ಹಾಕಿರುತ್ತೇವೆ. ಹೂತ ಗಂಟು ಸಿಕ್ಕಿದರೆ ಅದೂ ಒಂದು ಸುಳಿವೇ. ಸದಾ ತೇವದಲ್ಲಿರುವ ತೊಗಟೆ ಕೊಳೆಯುವುದು ಸುಲಭ. ಕಿತ್ತಳೆ, ಮೋಸಂಬಿ ಬೆಳೆಯುವವರು ಗಂಟನ್ನು ನೆಲದಿಂದ ಮೇಲೆ ಇಡಿ ಅಂತ ಹಠ ಹಿಡಿಯುವುದು ಇದಕ್ಕೇ. ಅಲ್ಲಿ ಫೈಟಾಫ್ತೊರಾ ಅನ್ನೋ ರೋಗಾಣುವಿನ ಬುಡಕೊಳೆ ಮಣ್ಣಿನಿಂದಲೇ ಹತ್ತುತ್ತದೆ. ಮೇಲೆ ಕಟ್ಟಿದ ತಳಿಗೆ ಅದನ್ನು ತಡೆಯುವ ಶಕ್ತಿ ಕಡಿಮೆ ಇದ್ದರೆ ಮರ ಉಳಿಯುವುದು ಕಷ್ಟ.

ಗಂಟು ಸಿಕ್ಕ ಕೂಡಲೇ ಅಲ್ಲೊಂದು ಬಣ್ಣದ ಗೆರೆ ಎಳೆಯಿರಿ. ಮುಂದೆ ಯಾರಿಗಾದರೂ ಫೋಟೋ ಕಳಿಸಬೇಕಾದರೆ ಆ ಗೆರೆ ಫೋಟೋದಲ್ಲಿ ಬರಲಿ.

ಗಂಟಿನ ಮೇಲೆ ತೊಂದರೆ ಇದ್ದರೆ

ಮಾವಿನಲ್ಲಿ ಜಾಸ್ತಿ ಕಾಣುವುದು ಇಲ್ಲೇ. ಮುಖ್ಯ ಆರೋಪಿಗಳು ಇಬ್ಬರು: ಶಿಲೀಂಧ್ರ ಮತ್ತು ಹುಳ.

ಶಿಲೀಂಧ್ರದ ಹೆಸರು ಲ್ಯಾಸಿಯೋಡಿಪ್ಲೋಡಿಯಾ ಥಿಯೋಬ್ರೋಮೆ. ಹಳೇ ಪುಸ್ತಕಗಳಲ್ಲಿ ಬೋಟ್ರಿಯೋಡಿಪ್ಲೋಡಿಯಾ ಅಂತ ಇರುತ್ತದೆ, ಎರಡೂ ಒಂದೇ. ಇದು ಆರೋಗ್ಯವಾಗಿರುವ ಮರದ ಒಳಗೂ ಸದ್ದಿಲ್ಲದೆ ಇರಬಲ್ಲದು. ಬರ, ಬಿಸಿಲು, ಗಾಯ, ನೀರಿನ ಏರುಪೇರು ಇವುಗಳಿಂದ ಮರ ಸೋತಾಗ ತಲೆ ಎತ್ತುತ್ತದೆ. ಹೂವು ಬರಿಸಲು ವರ್ಷ ಬಿಡದೆ ಪ್ಯಾಕ್ಲೋಬ್ಯುಟ್ರಜಾಲ್ ಸುರಿದು, ತಕ್ಕ ಗೊಬ್ಬರ ನೀರು ಕೊಡದ ತೋಟಗಳ ಮೇಲೆ ನನಗೆ ಮೊದಲ ಅನುಮಾನ.

ಇದರ ಗುರುತು ಹೀಗೆ. ರೆಂಬೆಯ ತುದಿಯ ಹತ್ತಿರ ತೊಗಟೆ ಕಪ್ಪಾಗುತ್ತದೆ. ಎಲೆಗಳ ಅಂಚು ಮೇಲಕ್ಕೆ ಸುರುಳಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಎಲೆ ತಕ್ಷಣ ಉದುರುವುದಿಲ್ಲ, ಸುಟ್ಟಂತೆ ಕಡ್ಡಿಗೇ ಅಂಟಿಕೊಂಡು ಸುಮಾರು ದಿನ ನಿಲ್ಲುತ್ತದೆ. ಒಣಗು ತುದಿಯಿಂದ ಕೆಳಕ್ಕೆ ಇಳಿಯುತ್ತಾ ದಪ್ಪ ಕೊಂಬೆಗೆ, ಕಾಂಡಕ್ಕೆ ಬರುತ್ತದೆ. ಇಳಿದ ಕಡೆ ಅಂಟು. ಇನ್ನೊಂದು ಸುಳಿವು ಗೋದಾಮಿನಲ್ಲಿ ಸಿಗುತ್ತದೆ. ಇದೇ ಶಿಲೀಂಧ್ರ ಹಣ್ಣಿನ ತೊಟ್ಟಿನ ಕಡೆಯಿಂದ ಕೊಳೆತ ಶುರುಮಾಡುತ್ತದೆ. ನಿಮ್ಮ ಹಣ್ಣು ಮಾಗಲು ಇಟ್ಟಾಗ ತೊಟ್ಟಿನ ಸುತ್ತ ಕಪ್ಪಾಗಿ ಕೆಡುತ್ತಿದ್ದರೆ ಮರದ ಒಣ ರೆಂಬೆಗಳತ್ತ ಒಮ್ಮೆ ಕಣ್ಣು ಹಾಯಿಸಿ.

ಹುಳದ ಕತೆ ಬೇರೆ. ಕಾಂಡಕೊರಕ ಅಂದರೆ ಬ್ಯಾಟೊಸೆರಾ ಜಾತಿಯ ಉದ್ದ ಮೀಸೆಯ ದುಂಬಿ. ಬೂದು ಮೈ, ಕತ್ತಿನ ಮೇಲೆ ಎರಡು ಕಿತ್ತಳೆ ಚುಕ್ಕೆ, ಎರಡು ಇಂಚಿನಷ್ಟು ಉದ್ದ. ಮರ ಕೊರೆಯುವುದು ದುಂಬಿಯಲ್ಲ, ಅದರ ಮರಿಹುಳು. ಕಾಲಿಲ್ಲದ, ಕೆನೆ ಬಣ್ಣದ, ಬಲಿತಾಗ ನಿಮ್ಮ ನಡುಬೆರಳಿಗಿಂತ ಉದ್ದವಾಗುವ ಹುಳು. ತಿಂಗಳುಗಟ್ಟಲೆ ಕಾಂಡದೊಳಗೇ ಇರುತ್ತದೆ. ಕವಲಲ್ಲೋ ಕಾಂಡದಲ್ಲೋ ತೂತು, ತೂತಿನಿಂದ ಹೊರಬಿದ್ದ ನಾರುನಾರಾದ ಕೊರೆಹುಡಿ, ಬುಡದಲ್ಲಿ ಅದೇ ಹುಡಿಯ ಗುಡ್ಡೆ. ಹುಡಿ ಒದ್ದೆಯಾಗಿ, ಹೊಸ ಮರದ ಬಣ್ಣದಲ್ಲಿದ್ದರೆ ಹುಳ ಒಳಗೆ ಜೀವಂತ ಇದೆ. ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಹುಳ ಹೋಗಿರಬಹುದು. ಗೊತ್ತಾಗದಿದ್ದರೆ ಇದ್ದ ಹುಡಿಯನ್ನೆಲ್ಲ ಗುಡಿಸಿ, ತೂತಿನ ಸುತ್ತ ಒರೆಸಿ ಬನ್ನಿ. ಎರಡು ದಿನ ಬಿಟ್ಟು ನೋಡಿ. ಹೊಸ ಹುಡಿ ಬಿದ್ದಿದ್ದರೆ ಉತ್ತರ ಸಿಕ್ಕಿತು.

ಕಾಂಡದ ಮೇಲೆ ರೇಷ್ಮೆ ಎಳೆ ಮತ್ತು ಹಿಕ್ಕೆ ಸೇರಿದ ಕಂದು ಪಟ್ಟಿಗಳು ಅಂಕುಡೊಂಕಾಗಿ ಹರಿದಿದ್ದರೆ ಅದು ತೊಗಟೆ ತಿನ್ನುವ ಹುಳು. ಹಗಲಲ್ಲಿ ಕವಲಿನ ಸಣ್ಣ ತೂತಿನಲ್ಲಿ ಅಡಗಿ, ರಾತ್ರಿ ಬಂದು ಆ ಪಟ್ಟಿಯ ಕೆಳಗೆ ತೊಗಟೆ ಮೇಯುತ್ತದೆ. ಕಾಂಡಕೊರಕದಷ್ಟು ಅಪಾಯವಿಲ್ಲ. ಪೊರಕೆಯಲ್ಲಿ ಗುಡಿಸಿ, ತೂತಿಗೆ ಕಡ್ಡಿ ಚುಚ್ಚಿದರೆ ಅರ್ಧ ತೊಂದರೆ ಕಳೆಯಿತು.

ಕಾಂಡದ ಮೇಲೆ ಗುಂಡುಸೂಜಿ ಚುಚ್ಚಿದಂಥ ಹತ್ತಾರು ಸಣ್ಣ ತೂತುಗಳಿದ್ದು, ಅಲ್ಲೆಲ್ಲ ಅಂಟು ಸೋರಿ, ಕೊಂಬೆ ಬೇಗ ಬೇಗ ಬಾಡುತ್ತಿದ್ದರೆ ತಡಮಾಡದೆ ತಜ್ಞರಿಗೆ ತೋರಿಸಿ. ಒಮಾನ್ ಮತ್ತು ಪಾಕಿಸ್ತಾನದ ಮಾವಿನ ತೋಟಗಳನ್ನು ಕೆಡಿಸಿದ ಹಠಾತ್ ಸಾವಿನ ರೋಗದ ಲಕ್ಷಣ ಹೀಗೇ ಇರುತ್ತದೆ. ಅಲ್ಲಿ ಸೆರಟೋಸಿಸ್ಟಿಸ್ ಶಿಲೀಂಧ್ರದ ಜೊತೆ ತೊಗಟೆ ದುಂಬಿಯೂ ಕೈಜೋಡಿಸಿದೆ. ಸೆರಟೋಸಿಸ್ಟಿಸ್ ಹೆಸರು ವಿಜಯಪುರ, ಬಾಗಲಕೋಟೆಯ ದಾಳಿಂಬೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಅವರ ಗಿಡ ಸೊರಗಿ ಸಾಯುವುದಕ್ಕೂ ಇದೇ ಕುಲದ ಶಿಲೀಂಧ್ರ ಕಾರಣ.

ಗಂಟಿನಲ್ಲೇ ತೊಂದರೆ ಇದ್ದರೆ

ಎಳೆ ಗಿಡಗಳಲ್ಲಿ ಮೊದಲು ನೋಡಬೇಕಾದದ್ದು ಪ್ಲಾಸ್ಟಿಕ್ ಪಟ್ಟಿ. ಕಸಿ ಕಟ್ಟಿದಾಗ ಸುತ್ತಿದ್ದನ್ನು ಬಿಚ್ಚದೆ ಹಾಗೇ ನೆಟ್ಟಿರುತ್ತಾರೆ. ಕಾಂಡ ದಪ್ಪವಾದ ಹಾಗೆ ಅದು ಕುತ್ತಿಗೆ ಹಿಸುಕುತ್ತದೆ. ಪಟ್ಟಿಯ ಮೇಲ್ಭಾಗ ಉಬ್ಬುತ್ತದೆ, ಎಲೆ ಬಿಳಿಚುತ್ತದೆ, ಜೋರು ಗಾಳಿಗೆ ಗಿಡ ಅಲ್ಲೇ ಮುರಿಯುತ್ತದೆ. ತೊಗಟೆ ಪಟ್ಟಿಯನ್ನು ನುಂಗಿಬಿಟ್ಟಿದ್ದರೆ ಹೊರಗೆ ಕಾಣಿಸುವುದೂ ಇಲ್ಲ. ಉಗುರಿನಿಂದ ಕೆರೆದು ನೋಡಿ. ಸಿಕ್ಕರೆ ಒಂದು ಬದಿಯಲ್ಲಿ ಉದ್ದಕ್ಕೆ ಸೀಳಿ ತೆಗೆಯಿರಿ. ಇದಕ್ಕೆ ಔಷಧಿಯೇ ಬೇಡ.

ಪಟ್ಟಿ ಇಲ್ಲ, ಆದರೂ ಗಂಟಿನ ಮೇಲೆ ಅಥವಾ ಕೆಳಗೆ ಒಂದು ಕಡೆ ಮಾತ್ರ ವಿಪರೀತ ದಪ್ಪ ಇದೆ, ಗಿಡ ಏಳುವುದೇ ಇಲ್ಲ ಅಂದರೆ ಎರಡೂ ಗಿಡಗಳು ಸರಿಯಾಗಿ ಕೂಡಿಲ್ಲ. ಮುರಿದ ಗಿಡ ಸಿಕ್ಕರೆ ಮುರಿದ ಜಾಗ ನೋಡಿ. ಚೆನ್ನಾಗಿ ಕೂಡಿದ ಕಸಿ ಮುರಿದಾಗ ಸೀಳು ಸೀಳಾಗಿ, ನಾರು ಎದ್ದು ಮುರಿಯುತ್ತದೆ. ಕೂಡದ್ದು ಗಂಟಿನ ಗೆರೆಯಲ್ಲೇ ನುಣ್ಣಗೆ, ಕತ್ತರಿಸಿದಂತೆ ಬೇರಾಗುತ್ತದೆ. ಅಂದಹಾಗೆ ದಪ್ಪದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರುವುದು ಮಾಮೂಲು. ಮರ ಚಿಗುರುತ್ತಾ, ಫಸಲು ಕೊಡುತ್ತಾ ಇದ್ದರೆ ಉಬ್ಬು ನೋಡಿ ಗಾಬರಿಯಾಗಬೇಡಿ.

ಲ್ಯಾಸಿಯೋಡಿಪ್ಲೋಡಿಯಾ ಗಂಟಿನಿಂದಲೂ ಒಳಹೊಗಬಹುದು. ಕಸಿ ಮಾಡಿದ ಚಾಕು ಶುಚಿಯಾಗಿಲ್ಲದಿದ್ದರೆ, ಕಸಿಕಡ್ಡಿಯನ್ನೇ ರೋಗದ ಮರದಿಂದ ತಂದಿದ್ದರೆ ಹೀಗಾಗುತ್ತದೆ. ಗಂಟಿನ ಸುತ್ತ ಕಪ್ಪು ಕಲೆ, ಅಂಟಿನ ಹನಿ, ಮೇಲಿನ ಚಿಗುರು ಒಣಗಿ ಕೆಳಗೆ ಬೇರುಸಸಿಯ ಚಿಗುರು ಹುಲುಸಾಗಿ ಎದ್ದಿರುತ್ತದೆ.

ಗಂಟಿನ ಕೆಳಗೆ

ಬುಡದ ಮಣ್ಣನ್ನು ನಾಲ್ಕು ಬೆರಳು ಆಳಕ್ಕೆ ಸುತ್ತಲೂ ಬಿಡಿಸಿ. ತೊಗಟೆ ಒತ್ತಿ ನೋಡಿ. ಗಟ್ಟಿ ಇದ್ದರೆ ಸರಿ. ಮೆತ್ತಗಾಗಿ, ಹುಳಿ ವಾಸನೆ ಬಂದು, ಒತ್ತಿದರೆ ಕಂದು ನೀರು ಒಸರಿದರೆ ಬುಡ ಕೊಳೆಯುತ್ತಿದೆ. ಡ್ರಿಪ್ಪಿನ ಹನಿ ನೇರ ಕಾಂಡಕ್ಕೇ ಬೀಳುತ್ತಿದೆಯಾ ನೋಡಿ, ಎಷ್ಟೋ ತೋಟದಲ್ಲಿ ಗಿಡ ಚಿಕ್ಕದಿದ್ದಾಗ ಇಟ್ಟ ಪೈಪನ್ನು ಸರಿಸಿಯೇ ಇರುವುದಿಲ್ಲ. ಬುಡದಲ್ಲಿ ಅರ್ಧ ತಟ್ಟೆಯ ಆಕಾರದ ಗಟ್ಟಿ ಅಣಬೆ ಎದ್ದಿದ್ದರೆ ಒಳಗಿನ ಮರವೇ ಕೊಳೆತಿದೆ ಅಂತ ಅರ್ಥ. ಅಂಥ ಮರದ ಕೆಳಗೆ ದನ ಕಟ್ಟಬೇಡಿ, ಮನೆಯ ಪಕ್ಕ ಇದ್ದರೆ ಬೀಳುವ ಮುಂಚೆ ಇಳಿಸಿ.

ಗೆದ್ದಲಿನ ಮಣ್ಣು ಕಂಡ ಕೂಡಲೇ ಗೆದ್ದಲೇ ಕೊಂದಿತು ಅಂತ ತೀರ್ಮಾನಿಸಬೇಡಿ. ದೊಡ್ಡ ಮರದಲ್ಲಿ ಅದು ಸಾಮಾನ್ಯವಾಗಿ ಸತ್ತ ತೊಗಟೆಗೆ ಬರುವ ನೆಂಟ. ಮಣ್ಣು ಕೆರೆದು ಕೆಳಗಿನ ತೊಗಟೆ ನೋಡಿ. ಜೀವಂತ ಇದ್ದರೆ ಮಣ್ಣು ಒರೆಸಿದರೆ ಸಾಕು. ಸತ್ತಿದ್ದರೆ ಅದನ್ನು ಮೊದಲು ಕೊಂದವರು ಯಾರು ಅಂತ ಹುಡುಕಬೇಕು.

ಚಾಕುವಿನ ಪರೀಕ್ಷೆ

ಈಗ ಕೈಗೆ ಚಾಕು. ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಕಲೆಯ ನಡುವೆ ಕೊಯ್ಯಬೇಡಿ, ಅಲ್ಲಿ ಎಲ್ಲವೂ ಸತ್ತಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಕಲೆಯ ಅಂಚು ಹಿಡಿಯಿರಿ. ಅರ್ಧ ಕಲೆ, ಅರ್ಧ ಒಳ್ಳೆಯ ತೊಗಟೆ ಬರುವಂತೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಮೇಲಿನ ಒರಟು ಸಿಪ್ಪೆಯನ್ನು ತೆಳುವಾಗಿ ಸವರಿ ತೆಗೆಯಿರಿ. ಒಳ್ಳೆಯ ತೊಗಟೆ ಹಸಿರು ಮಿಶ್ರಿತ ಕೆನೆ ಬಣ್ಣದಲ್ಲಿ, ತೇವವಾಗಿ ಇರುತ್ತದೆ. ಸೋಂಕಿದ್ದು ಕಂದು ಅಥವಾ ಕಪ್ಪು. ಎರಡರ ನಡುವಿನ ಗಡಿ ನಿಮಗೆ ಬೇಕಾದದ್ದು. ಗಡಿ ಒದ್ದೆಯಾಗಿ, ಮಸುಕಾಗಿ ಒಳ್ಳೆಯ ಕಡೆಗೆ ಚಾಚಿಕೊಂಡಿದ್ದರೆ ರೋಗ ಓಡುತ್ತಿದೆ. ಗಡಿಯಲ್ಲಿ ಒಣ ಬಿರುಕು ಬಿಟ್ಟು, ಒಳ್ಳೆಯ ಕಡೆಯಿಂದ ಹೊಸ ತೊಗಟೆ ಮಡಿಕೆಯಂತೆ ಉಬ್ಬಿ ಬರುತ್ತಿದ್ದರೆ ಮರವೇ ಗೆಲ್ಲುತ್ತಿದೆ, ಹಳೇ ಗಾಯ ಅದು. ಸುಮ್ನೆ ಕೆದಕಬೇಡಿ.

ಕೊಯ್ಯುವಾಗ ಮುಖ ಹತ್ತಿರ ತರಬೇಡಿ. ಮಾವಿನ ಸೊನೆ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಇನ್ನೂ ಕಷ್ಟ.

ಗಡಿಯ ಮೇಲೆ ಬಣ್ಣದ ಗುರುತು ಹಾಕಿ ತಾರೀಖು ಬರೆಯಿರಿ. ಮೂರು ವಾರ ಬಿಟ್ಟು ನೋಡಿದಾಗ ಕಪ್ಪು ಕಲೆ ಆ ಗುರುತನ್ನು ದಾಟಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಒಣಗುತ್ತಿರುವ ರೆಂಬೆಯೊಂದನ್ನು ಕತ್ತರಿಸಿ ಉದ್ದಕ್ಕೆ ಸೀಳುವುದನ್ನೂ ಮರೀಬೇಡಿ. ತೊಗಟೆ ಹೊರಗಿನಿಂದ ಹಸಿರಾಗಿದ್ದರೂ ಒಳಗೆ ಕಂದು ಗೆರೆ ಕೆಳಕ್ಕೆ ಇಳಿದಿರುತ್ತದೆ. ಗರಗಸ ಎಲ್ಲಿ ಹಾಕಬೇಕು ಅನ್ನೋದನ್ನು ಆ ಗೆರೆ ಹೇಳುತ್ತದೆ.

ರೋಗದಂತೆ ಕಾಣುವ, ರೋಗವಲ್ಲದ್ದು

ಕಾಂಡದ ಮೇಲೆ ಬೂದು, ಬಿಳಿ, ಹಸಿರು ಚಕ್ಕೆ ಅಂಟಿದಂತೆ ಬೆಳೆಯುವ ಕಲ್ಲುಹೂವಿಗೆ ಔಷಧಿ ಹೊಡೆಯುವವರನ್ನು ನೋಡಿದ್ದೇನೆ. ಅದು ತೊಗಟೆಯನ್ನು ತಿನ್ನುವುದಿಲ್ಲ, ಅಲ್ಲಿ ಕೂತಿರುತ್ತದೆ ಅಷ್ಟೆ. ಮರ ನಿಧಾನ ಬೆಳೆಯುತ್ತಿದ್ದರೆ ಜಾಸ್ತಿ ಕಾಣುತ್ತದೆ. ಪಶ್ಚಿಮದ ಬಿಸಿಲು ಬೀಳುವ ಬದಿಯಲ್ಲಿ ಮಾತ್ರ ತೊಗಟೆ ಬಿರಿದು ಎದ್ದಿದ್ದರೆ ಅದು ಬಿಸಿಲಿನ ಸುಡು. ಹಳೇ ಮರವನ್ನು ತಳಿ ಬದಲಿಸಲು ಬೋಳು ಮಾಡಿದಾಗ ಇದು ತುಂಬಾ ಆಗುತ್ತದೆ, ಸುಣ್ಣ ಬಳಿದರೆ ತಡೆಯಬಹುದು. ಕೊಂಬೆಯ ತುದಿ ಒಣಗಿ, ಅದಕ್ಕಿಂತ ಹಿಂದೆ ದಪ್ಪ ಗಂಟಿನಿಂದ ಬೇರೆ ತರದ ಎಲೆ ಗುಂಪಾಗಿ ಹೊರಟಿದ್ದರೆ ಬಂದಳಿಕೆ. ಅದನ್ನು ಬರೀ ಚಿವುಟಿದರೆ ಮತ್ತೆ ಬರುತ್ತದೆ, ಅದು ಹೊಕ್ಕ ಕೊಂಬೆಯ ತುಂಡನ್ನೇ ತೆಗೆಯಬೇಕು. ಮಲೆನಾಡಿನ ಜೋರು ಮಳೆಯ ಕಡೆ ಕೊಂಬೆಯ ಕವಲಲ್ಲಿ ಗುಲಾಬಿ ಬಣ್ಣದ ಪದರ ಕಂಡರೆ ಮಾತ್ರ ಅಸಡ್ಡೆ ಬೇಡ, ಅದು ನಿಜವಾದ ಶಿಲೀಂಧ್ರ ರೋಗ.

ಗೊತ್ತಾದ ಮೇಲೆ

ಶಿಲೀಂಧ್ರದ ಒಣಗಾದರೆ ಕಂದು ಗೆರೆ ನಿಂತ ಜಾಗದಿಂದ ಇನ್ನೂ ನಾಲ್ಕು ಬೆರಳು ಕೆಳಗೆ, ಹಸಿರು ಭಾಗದಲ್ಲಿ ಕತ್ತರಿಸಿ. ಮಳೆ ಬಿಡುವು ಕೊಟ್ಟ ಒಣ ದಿನ ನೋಡಿ ಮಾಡಿ. ಕತ್ತರಿಸಿದ್ದನ್ನು ತೋಟದಲ್ಲೇ ಗುಡ್ಡೆ ಹಾಕಬೇಡಿ, ಸುಟ್ಟುಬಿಡಿ. ಗಾಯಕ್ಕೆ ಬೋರ್ಡೋ ಮುಲಾಮು. ಉಳಿದ ಮರಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ.

ಅಡಿಕೆ ಬೆಳೆಯುವವರಿಗೆ ಬೋರ್ಡೋ ಹೇಳಿಕೊಡಬೇಕಿಲ್ಲ. ಮಾವಿನವರಿಗಾಗಿ: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ. ಸುಣ್ಣ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಅದಕ್ಕೆ ನಿಧಾನ ಸುರಿದು ಕಲಕಿ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕು ಅಥವಾ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ತುದಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಕೆಂಪು ಹತ್ತದಿದ್ದರೆ ಬಳಿಯಬಹುದು. ಮಾಡಿದ ದಿನವೇ ಮುಗಿಸಿ.

ಕಾಂಡಕೊರಕವಾದರೆ ಮೊದಲು ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ತೂತಿನೊಳಗೆ ತೂರಿಸಿ. ಸುರಂಗ ನೇರ ಇರುವುದಿಲ್ಲ, ಮೇಲಕ್ಕೋ ಕೆಳಕ್ಕೋ ತಿರುಗಿರುತ್ತದೆ. ತಿರುಗಿಸುತ್ತಾ ಎಳೆದಾಗ ಕಡ್ಡಿಯ ತುದಿಗೆ ಬಿಳಿ ರಸ ಹತ್ತಿದರೆ ಹುಳ ಸಿಕ್ಕಿತು. ಸಿಗದಿದ್ದರೆ ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಅದ್ದಿದ ಹತ್ತಿ ತುರುಕಿ, ಹಸಿ ಮಣ್ಣಿನಿಂದ ಮೆತ್ತಿ. ಅಕ್ಕಪಕ್ಕದ ತೂತುಗಳನ್ನೂ ಮುಚ್ಚಿ. ಹಳೇ ಕರಪತ್ರಗಳಲ್ಲಿ ಇದಕ್ಕೆ ಡೈಕ್ಲೋರ್ವಾಸ್ ಅಂತ ಬರೆದಿರುತ್ತದೆ. 2020ರ ಕೊನೆಯಿಂದ ಅದು ನಮ್ಮ ದೇಶದಲ್ಲಿ ನಿಷೇಧ. ಯಾರಾದರೂ ಹಳೇ ಬಾಟಲಿ ಕೊಟ್ಟರೆ ತಗೋಬೇಡಿ.

ಬುಡ ಕೊಳೆತವಾದರೆ ಮಣ್ಣು ಬಿಡಿಸಿ ಗಾಳಿ ಬಿಸಿಲು ತಾಗಿಸಿ, ಡ್ರಿಪ್ಪನ್ನು ಎಲೆಗೊಡೆಯ ಅಂಚಿನ ಕಡೆಗೆ ಸರಿಸಿ, ಕೊಳೆತ ತೊಗಟೆ ಕೆರೆದು ಮುಲಾಮು ಬಳಿಯಿರಿ. ಸತ್ತ ತೊಗಟೆ ಕಾಂಡದ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಕಾಯಬಹುದು. ಪೂರ್ತಿ ಸುತ್ತಿಬಂದಿದ್ದರೆ ಆ ಮರಕ್ಕೆ ದುಡ್ಡು ಸುರಿಯಬೇಡಿ ಅಂತಲೇ ನಾನು ಹೇಳುವುದು.

ಇಲ್ಲಿಗೂ ಗೊತ್ತಾಗಲಿಲ್ಲ ಅಂದರೆ ಮಾದರಿ ಕಳಿಸಿ. ಪೂರ್ತಿ ಒಣಗಿದ ಕಡ್ಡಿ ತಗೊಂಡು ಹೋದರೆ ಪ್ರಯೋಗಾಲಯದಲ್ಲಿ ಸಿಗುವುದು ಕೊಳೆ ತಿನ್ನುವ ಬೂಷ್ಟು ಮಾತ್ರ. ಜೀವ ಇರುವ ಮತ್ತು ಸತ್ತ ಭಾಗ ಎರಡೂ ಇರುವ ತುಂಡುಗಳು ನಾಲ್ಕೈದು ಬೇಕು. ಬುಡದ ಅನುಮಾನ ಇದ್ದರೆ ಸಣ್ಣ ಬೇರು, ಒಂದು ಹಿಡಿ ಮಣ್ಣು ಬೇರೆ ಪೊಟ್ಟಣದಲ್ಲಿ. ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಿಸಬೇಡಿ. ತಳಿ, ಮರದ ವಯಸ್ಸು, ಕಸಿಗಂಟಿನ ಮೇಲೋ ಕೆಳಗೋ, ಹೊಡೆದ ಔಷಧಿ ಎಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ಮರುದಿನದೊಳಗೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಹತ್ತಿರದ ಕಾಲೇಜಿಗೋ, ಬೆಂಗಳೂರಿನವರಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಗೋ ಮುಟ್ಟಿಸಿ. ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ.

ಮೇಲಿನ ತಳಿ ಪೂರ್ತಿ ಸತ್ತು, ಕೆಳಗೆ ನಾಟಿ ಚಿಗುರು ಎದ್ದಿದ್ದರೆ ಗಿಡ ಕೀಳುವ ಮುಂಚೆ ಬುಡವನ್ನೊಮ್ಮೆ ಚಾಕುವಿನಿಂದ ಕೆರೆದು ನೋಡಿ. ಕೆನೆ ಬಣ್ಣ ಕಂಡರೆ ಬೇರು ಚೆನ್ನಾಗಿದೆ. ಗಟ್ಟಿಯಾದ ಒಂದು ಚಿಗುರು ಬಿಟ್ಟು ಉಳಿದದ್ದು ಚಿವುಟಿ. ಅದು ಪೆನ್ಸಿಲ್ ದಪ್ಪ ಆದ ಮೇಲೆ, ಮಳೆಗಾಲದ ತಂಪಿನಲ್ಲಿ, ಚೆನ್ನಾಗಿರುವ ಮರದಿಂದ ಕಡ್ಡಿ ತಂದು ಮೃದುಕಾಂಡ ಕಸಿ ಮಾಡಿಸಿ. ಬೇರು ಆಗಲೇ ಆಳಕ್ಕೆ ಇಳಿದಿರುವುದರಿಂದ ಹೊಸ ಸಸಿಗಿಂತ ಬೇಗ ಏಳುತ್ತದೆ. ಕಸಿ ಕೂಡಿದ ಮೇಲೆ ಆ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ.